ಒಂದೇ ಬಿಡಿಭಾಗ, ಹಲವು ತಂತ್ರಾಂಶ: ಆವೃತ್ತಿ ಮತ್ತು ಅವಲಂಬನೆಯ ಲೆಕ್ಕ

(ಕಂಪ್ಯೂಟರ್ ಸೈನ್ಸ್ ವಿಭಾಗದ ಪಾಠ ಲೇಖನ)

ವಿದ್ಯಾರ್ಥಿಗಳೇ,

ಪ್ರಾಜೆಕ್ಟ್ ತೋರಿಸುವ ದಿನ ಲ್ಯಾಬ್‌ನಲ್ಲಿ ತಪ್ಪದೇ ಕೇಳಿಬರುವ ಮಾತೊಂದಿದೆ: "ಸರ್, ಮನಿಯಾಗ ಓಡತಿತ್ತ್ರಿ, ಇಲ್ಲಿ ಓಡವಲ್ದು." ಹೇಳಿದವರು ಸುಳ್ಳು ಹೇಳಿರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ತಂದ ಪ್ರೋಗ್ರಾಂ ಒಂದಕ್ಷರವೂ ಬದಲಾಗಿರುವುದಿಲ್ಲ. ಬದಲಾಗಿರುವುದು ಆ ಪ್ರೋಗ್ರಾಂ ಯಾವುದರ ಮೇಲೆ ನಿಂತಿತ್ತೋ ಅದು. ಮನೆಯ ಕಂಪ್ಯೂಟರಿನಲ್ಲಿದ್ದ ಲೈಬ್ರರಿ ಲ್ಯಾಬ್‌ನಲ್ಲಿ ಇಲ್ಲ, ಅಥವಾ ಇದ್ದರೂ ಬೇರೆ ಆವೃತ್ತಿಯದು.

ನಿಮ್ಮ ಒಂದು ಪ್ರಾಜೆಕ್ಟಿಗೆ ಬಂದ ಈ ಕಷ್ಟ ದೊಡ್ಡ ಕಂಪನಿಗಳಲ್ಲಿ ನೂರಾರು ತಂತ್ರಾಂಶಗಳಿಗೆ ಒಟ್ಟಿಗೇ ಬರುತ್ತದೆ. ಅದನ್ನು ನಿಭಾಯಿಸುವ ವಿದ್ಯೆಯೇ ಈ ಪಾಠದ ವಿಷಯ. ಮುಂದೆ ಬಿಸಿಎ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್‌ಗೆ ಹೋಗುವವರಿಗೆ ಇದು ದಿನನಿತ್ಯದ ಕೆಲಸವಾಗುತ್ತದೆ. ಪಾಠದ ಸಾರ ಒಂದೇ ಮಾತಿನಲ್ಲಿ ಇಷ್ಟು: ಬೇರೆಯವರು ಮಾಡಿದ್ದನ್ನು ಬಳಸಿದರೆ ಯಾವುದನ್ನು, ಎಷ್ಟನೆಯ ಆವೃತ್ತಿಯನ್ನು ಬಳಸಿದ್ದೀರಿ ಎಂದು ಬರೆದಿಡಿ, ನೀವು ಮಾಡಿದ್ದನ್ನು ಬೇರೆಯವರು ಬಳಸುತ್ತಿದ್ದರೆ ಸಂಖ್ಯೆ ಬದಲಿಸದೆ ಅದನ್ನು ಬದಲಿಸಬೇಡಿ.

1. ಪ್ರಾಡಕ್ಟ್ ಲೈನ್ ಎಂದರೇನು?

ನಮ್ಮ ಜಿಲ್ಲೆಯ ಮೂರು ಊರುಗಳನ್ನೇ ತೆಗೆದುಕೊಂಡು ಒಂದು ಊಹೆ ಮಾಡೋಣ. ನೀವು ನಾಲ್ಕು ಗೆಳೆಯರು ಸೇರಿ ಅಂಗಡಿಗಳಿಗೆ ಬಿಲ್ಲಿನ ತಂತ್ರಾಂಶ ಮಾಡಿಕೊಡಲು ಹೊರಟಿದ್ದೀರಿ.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗೆ ಚೀಲದ ಲೆಕ್ಕ ಬೇಕು: ಡಬ್ಬಿಯೋ ಕಡ್ಡಿಯೋ, ಚೀಲ ಎಷ್ಟು, ತೂಕ ಎಷ್ಟು, ಕ್ವಿಂಟಾಲಿಗೆ ದರ ಎಷ್ಟು, ಹಮಾಲಿ ಎಷ್ಟು. ರಾಣೆಬೆನ್ನೂರಿನ ಬೀಜದ ಅಂಗಡಿಗೆ ಪ್ಯಾಕೆಟ್ಟಿನ ಲೆಕ್ಕ ಬೇಕು: ಯಾವ ತಳಿ, ಯಾವ ಲಾಟ್, ಎಲ್ಲಿಯವರೆಗೆ ಬಿತ್ತಬಹುದು. ಹಾವೇರಿಯ ಏಲಕ್ಕಿ ಹಾರ ಕಟ್ಟುವವರಿಗೆ ಆರ್ಡರಿನ ಲೆಕ್ಕ ಬೇಕು: ಎಷ್ಟು ಎಳೆಯ ಹಾರ, ಮುಂಗಡ ಎಷ್ಟು, ಕೊಡುವ ದಿನ ಯಾವುದು.

ಮೂರೂ ಬೇರೆ ಬೇರೆ ತಂತ್ರಾಂಶಗಳು. ಆದರೆ ಒಳಗೆ ನೋಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಒಂದೇ: ಗಿರಾಕಿಗಳ ಪಟ್ಟಿ, ಹಣದ ಲೆಕ್ಕ, ತೆರಿಗೆ, ಕನ್ನಡದಲ್ಲಿ ರಸೀದಿ ಮುದ್ರಣ, ಎಸ್‌ಎಂಎಸ್ ಕಳುಹಿಸುವುದು. ಹೀಗೆ ಸಮಾನ ಭಾಗಗಳನ್ನು ಒಮ್ಮೆ ಮಾಡಿ ಒಂದೇ ಕಡೆ ಇಟ್ಟು, ಅವುಗಳಿಂದ ಒಂದೇ ಕುಟುಂಬದ ಹಲವು ತಂತ್ರಾಂಶಗಳನ್ನು ಜೋಡಿಸುವ ಪದ್ಧತಿಗೆ ಸಾಫ್ಟ್‌ವೇರ್ ಪ್ರಾಡಕ್ಟ್ ಲೈನ್ ಎನ್ನುತ್ತಾರೆ. ಮತ್ತೆ ಮತ್ತೆ ಬಳಸುವ ಆ ಒಂದೊಂದು ಭಾಗವೂ ಕಾಂಪೊನೆಂಟ್. ಟ್ರ್ಯಾಕ್ಟರಿನ ಬಿಡಿಭಾಗ ಎನ್ನುವಂತೆ ಇಲ್ಲಿಯೂ ಬಿಡಿಭಾಗ ಎಂದೇ ಕರೆಯೋಣ.

ಈ ಆಲೋಚನೆ ಹೊಸದಲ್ಲ. 1968 ರಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನದಲ್ಲಿ ಡಗ್ಲಸ್ ಮ್ಯಾಕ್‌ಇಲ್‌ರಾಯ್ ಅವರು ತಂತ್ರಾಂಶವನ್ನೂ ಕಾರ್ಖಾನೆಯ ಬಿಡಿಭಾಗಗಳಂತೆ ತಯಾರಿಸಬೇಕು ಎಂದು ಪ್ರತಿಪಾದಿಸಿದರು. 1976 ರಲ್ಲಿ ಡೇವಿಡ್ ಪಾರ್ನಾಸ್ 'ಪ್ರೋಗ್ರಾಂ ಕುಟುಂಬ'ಗಳ ಬಗ್ಗೆ ಬರೆದರು. ಮೊದಲು ಎಲ್ಲದರಲ್ಲೂ ಸಮಾನವಾಗಿರುವುದನ್ನು ಗುರುತಿಸಿ, ಆಮೇಲೆ ವ್ಯತ್ಯಾಸಗಳನ್ನು ನೋಡಬೇಕು ಎಂಬುದು ಅವರ ವಾದ. ಇಂದು ನಿಮ್ಮ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವ ಲಿನಕ್ಸ್ ಕರ್ನೆಲ್ ಇದಕ್ಕೆ ದೊಡ್ಡ ಉದಾಹರಣೆ. ಅದೇ ಮೂಲ ಕೋಡ್ ಟಿವಿಯಲ್ಲಿಯೂ ಸರ್ವರ್‌ನಲ್ಲಿಯೂ ಇದೆ. ಹತ್ತು ಸಾವಿರಕ್ಕೂ ಹೆಚ್ಚು ಆಯ್ಕೆಗಳಲ್ಲಿ ಬೇಕಾದ್ದನ್ನು ಆರಿಸಿ ಪ್ರತಿ ಸಾಧನಕ್ಕೂ ತಕ್ಕಂತೆ ಕಟ್ಟುತ್ತಾರೆ.

2. ನಕಲು ಮಾಡುವ ದಾರಿ, ಹಂಚಿಕೊಳ್ಳುವ ದಾರಿ

ಸುಲಭ ದಾರಿ ಯಾವುದು? ಬ್ಯಾಡಗಿಯ ತಂತ್ರಾಂಶದ ಫೋಲ್ಡರ್ ನಕಲು ಮಾಡಿ, ಹೆಸರು ಬದಲಿಸಿ, ರಾಣೆಬೆನ್ನೂರಿಗೆ ಬೇಕಾದಂತೆ ತಿದ್ದುವುದು. ಮೊದಲ ವಾರ ಇದು ಬಹಳ ವೇಗವಾಗಿ ಸಾಗುತ್ತದೆ. ಆರು ತಿಂಗಳ ನಂತರ ಹಣದ ಲೆಕ್ಕದಲ್ಲಿ ಒಂದು ದೋಷ ಸಿಗುತ್ತದೆ. ಈಗ ಅದನ್ನು ಮೂರು ಫೋಲ್ಡರುಗಳಲ್ಲಿ ಮೂರು ಸಲ ತಿದ್ದಬೇಕು. ಅಷ್ಟರಲ್ಲಿ ಮೂರೂ ಬೇರೆ ಬೇರೆ ರೂಪ ತಳೆದಿರುವುದರಿಂದ ಒಂದರ ತಿದ್ದುಪಡಿ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಒಂದು ಕಡೆ ಮರೆತರಂತೂ ಆ ಊರಿನ ಅಂಗಡಿಯಲ್ಲಿ ತಪ್ಪು ಬಿಲ್ಲು ಹೊರಬೀಳುತ್ತಲೇ ಇರುತ್ತದೆ.

ಹಂಚಿಕೊಳ್ಳುವ ದಾರಿಯಲ್ಲಿ 'ಹಣದ ಲೆಕ್ಕ' ಎಂಬ ಬಿಡಿಭಾಗ ಒಂದೇ. ಮೂರು ತಂತ್ರಾಂಶಗಳೂ ಅದನ್ನೇ ಕರೆಯುತ್ತವೆ. ಊರಿಂದ ಊರಿಗೆ ಬದಲಾಗುವುದನ್ನು ಬಿಡಿಭಾಗದ ಒಳಗೆ ಬರೆಯದೆ ಹೊರಗೆ, ಒಂದು ಸೆಟ್ಟಿಂಗ್ ಫೈಲಿನಲ್ಲಿ ಇಡುತ್ತೇವೆ. ತೆರಿಗೆಯ ದರ ಇದಕ್ಕೆ ಒಳ್ಳೆಯ ಉದಾಹರಣೆ. ಜಿಎಸ್‌ಟಿ 2017 ರ ಜುಲೈ 1 ರಂದು ಜಾರಿಗೆ ಬಂತು. 2025 ರ ಸೆಪ್ಟೆಂಬರ್ 22 ರಿಂದ ಅನೇಕ ವಸ್ತುಗಳ ದರ ಬದಲಾಯಿತು. ದರವನ್ನು ಕೋಡಿನ ನಡುವೆ ಅಲ್ಲಲ್ಲಿ ಬರೆದಿಟ್ಟವರು ಅಂದು ಎಲ್ಲವನ್ನೂ ಹುಡುಕಿ ತಿದ್ದಬೇಕಾಗುತ್ತದೆ. ದರದ ಪಟ್ಟಿಯನ್ನು ಬೇರೆ ಇಟ್ಟವರು ಒಂದು ಪಟ್ಟಿ ಬದಲಿಸಿದರೆ ಸಾಕು.

ಆದರೆ ಹಂಚಿಕೊಂಡ ಕ್ಷಣದಿಂದ ಹೊಸ ಜವಾಬ್ದಾರಿಯೊಂದು ಹುಟ್ಟುತ್ತದೆ. ಬ್ಯಾಡಗಿಗಾಗಿ ನೀವು ಬಿಡಿಭಾಗದಲ್ಲಿ ಮಾಡಿದ ಬದಲಾವಣೆ, ಕೇಳದೇ ಇದ್ದ ಹಾವೇರಿಗೂ ಹೋಗಿ ಮುಟ್ಟುತ್ತದೆ. ಇದನ್ನು ಹಿಡಿತದಲ್ಲಿಡಲು ಆವೃತ್ತಿ ಸಂಖ್ಯೆ ಬೇಕು.

3. ಆವೃತ್ತಿ ಸಂಖ್ಯೆಯನ್ನು ಓದುವುದು ಹೇಗೆ?

ರಾಣೆಬೆನ್ನೂರು ಭಾಗದ ವಿದ್ಯಾರ್ಥಿಗಳಿಗೆ ಬೀಜದ ಪ್ಯಾಕೆಟ್ ಹೊಸದಲ್ಲ. ಅದರ ಮೇಲೆ ಬೆಳೆ ಮತ್ತು ತಳಿಯ ಹೆಸರಿನ ಜೊತೆ ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ಇರುತ್ತವೆ. ಎರಡು ಪ್ಯಾಕೆಟ್ಟುಗಳ ಮೇಲೆ ಒಂದೇ ತಳಿಯ ಹೆಸರಿದ್ದರೂ ಲಾಟ್ ಬೇರೆ ಇರಬಹುದು. ಒಂದು ಹೊಲದಲ್ಲಿ ಬೀಜ ಮೊಳೆಯದಿದ್ದರೆ ಮೊದಲು ಕೇಳುವುದು ಲಾಟ್ ಸಂಖ್ಯೆಯನ್ನೇ, ಅದೇ ಲಾಟ್ ಮತ್ತಾರಿಗೆ ಹೋಗಿದೆ ಎಂದು ಪತ್ತೆ ಹಚ್ಚಲು. ತಂತ್ರಾಂಶದ ಆವೃತ್ತಿ ಸಂಖ್ಯೆಯೂ ಇದೇ ಕೆಲಸ ಮಾಡುತ್ತದೆ. ಜೊತೆಗೆ ಇನ್ನೊಂದನ್ನೂ ಹೇಳುತ್ತದೆ: ಬದಲಾವಣೆ ಎಷ್ಟು ದೊಡ್ಡದು ಎಂದು.

ಹೆಚ್ಚು ಬಳಕೆಯಲ್ಲಿರುವ ಪದ್ಧತಿಯಲ್ಲಿ ಸಂಖ್ಯೆಗೆ ಮೂರು ಭಾಗ. ಉದಾಹರಣೆಗೆ 2.4.1 ಎಂದಿದ್ದರೆ,

• ಮೊದಲನೆಯ 2: ಹಳೆಯ ಬಳಕೆದಾರರಿಗೆ ಹೊಂದದಂಥ ಬದಲಾವಣೆ ಆದಾಗ ಇದು ಏರುತ್ತದೆ.
• ಎರಡನೆಯ 4: ಹಳೆಯದು ಹಾಗೆಯೇ ಇದ್ದು ಹೊಸ ಸೌಲಭ್ಯ ಸೇರಿದಾಗ ಏರುತ್ತದೆ.
• ಮೂರನೆಯ 1: ದೋಷವನ್ನಷ್ಟೇ ತಿದ್ದಿದಾಗ ಏರುತ್ತದೆ.

ಎಡಗಡೆಯ ಸಂಖ್ಯೆ ಏರಿದಾಗ ಬಲಗಡೆಯವು ಸೊನ್ನೆಗೆ ಇಳಿಯುತ್ತವೆ. 2.4.1 ರ ನಂತರ ದೊಡ್ಡ ಬದಲಾವಣೆಯಾದರೆ 3.0.0. ಇವು ದಶಮಾಂಶಗಳಲ್ಲ ಎಂಬುದನ್ನು ನೆನಪಿಡಿ. 2.9.0 ಕ್ಕಿಂತ 2.10.0 ಹೊಸದು, ಏಕೆಂದರೆ ಒಂಬತ್ತರ ನಂತರ ಹತ್ತು. ಪೈಥಾನ್‌ನಲ್ಲಿ ಈ ಎರಡನ್ನೂ ಸ್ಟ್ರಿಂಗ್ ಆಗಿ ಹೋಲಿಸಿ ನೋಡಿದರೆ ತಪ್ಪು ಉತ್ತರ ಬರುತ್ತದೆ. ಏಕೆ ಎಂದು ಯೋಚಿಸಿ.

ಈಗ ಒಂದು ಲೆಕ್ಕ. ಒಂದು ಚೀಲ ಮೆಣಸಿನಕಾಯಿ 37.4 ಕಿಲೋ ತೂಗಿದೆ, ದರ ಕ್ವಿಂಟಾಲಿಗೆ 24,350 ರೂಪಾಯಿ ಎಂದಿಟ್ಟುಕೊಳ್ಳಿ. ಮೊತ್ತ 9,106.90 ರೂಪಾಯಿ. ನಿಮ್ಮ 'ಹಣದ ಲೆಕ್ಕ' ಬಿಡಿಭಾಗ ಇದನ್ನು ಹತ್ತಿರದ ರೂಪಾಯಿಗೆ, ಅಂದರೆ 9,107 ಕ್ಕೆ ತರುತ್ತಿತ್ತು. ಗೆಳೆಯನೊಬ್ಬ ಕೋಡನ್ನು ಚೊಕ್ಕ ಮಾಡುವಾಗ ಪೈಸೆಯನ್ನು ಬಿಟ್ಟುಬಿಡುವಂತೆ ಬರೆದ. ಈಗ ಬರುವುದು 9,106. ಫಂಕ್ಷನ್ನಿನ ಹೆಸರು ಅದೇ, ಕೊಡಬೇಕಾದ ಮಾಹಿತಿ ಅದೇ, ಎಲ್ಲ ತಂತ್ರಾಂಶಗಳೂ ದೋಷ ತೋರಿಸದೆ ಓಡುತ್ತವೆ. ಇದು ಚಿಕ್ಕ ಬದಲಾವಣೆಯೇ?

ಅಲ್ಲ. ಉತ್ತರ ಬದಲಾಗಿದೆ. ರೈತನ ಕೈಗೆ ಬರುವ ಹಣ ಚೀಲಕ್ಕೆ ಒಂದು ರೂಪಾಯಿ ಕಡಿಮೆಯಾಗಿದೆ. ಇಂಥ 300 ಚೀಲಗಳಾದರೆ 300 ರೂಪಾಯಿ. ಇದನ್ನು 2.4.2 ಎಂದು ಕರೆದರೆ ಬಳಸುವವರು ದೋಷ ತಿದ್ದಿದ್ದಾರೆಂದು ನಂಬಿ ಕಣ್ಣುಮುಚ್ಚಿ ತೆಗೆದುಕೊಳ್ಳುತ್ತಾರೆ. ಬದಲಾವಣೆ ನಿಜಕ್ಕೂ ಬೇಕಿದ್ದರೆ ಅದು 3.0.0 ಆಗಬೇಕು, ಏನು ಬದಲಾಯಿತೆಂಬ ಟಿಪ್ಪಣಿಯೂ ಜೊತೆಗಿರಬೇಕು. ತಿದ್ದಿದ ಸಾಲುಗಳು ಎಷ್ಟು ಎಂಬುದರಿಂದ ಬದಲಾವಣೆಯ ಗಾತ್ರ ತಿಳಿಯುವುದಿಲ್ಲ; ನಂಬಿ ಕುಳಿತವರಿಗೆ ಏನಾಯಿತು ಎಂಬುದರಿಂದ ತಿಳಿಯುತ್ತದೆ. ಆವೃತ್ತಿ ಸಂಖ್ಯೆ ಕೊಟ್ಟ ಮಾತಿದ್ದಂತೆ.

ದೊಡ್ಡ ಮಟ್ಟದಲ್ಲಿ ಇದನ್ನು ನೋಡಬೇಕಾದರೆ ಪೈಥಾನ್ ಭಾಷೆಯೇ ಸಾಕ್ಷಿ. 2008 ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಹಳೆಯ ಪೈಥಾನ್ 2 ರ ಪ್ರೋಗ್ರಾಂಗಳಿಗೆ ಪೂರ್ತಿ ಹೊಂದುತ್ತಿರಲಿಲ್ಲ. ಪ್ರಿಂಟ್ ಎಂಬುದಕ್ಕೆ ಆವರಣ ಚಿಹ್ನೆ ಕಡ್ಡಾಯವಾಯಿತು. ಭಾಗಾಕಾರದ ಉತ್ತರವೂ ಬದಲಾಯಿತು. ಅದಕ್ಕೇ ಮೊದಲ ಸಂಖ್ಯೆ ಏರಿತು. ಎಲ್ಲರೂ ದಾಟಿ ಬರಲೆಂದು ಹಳೆಯದನ್ನು 2020 ರ ಜನವರಿ 1 ರವರೆಗೆ ಕಾಪಾಡಿಕೊಂಡು ಬಂದರು. ಹನ್ನೊಂದು ವರ್ಷ!

4. ಅವಲಂಬನೆಯ ಸರಪಳಿ

ನಿಮ್ಮ ತಂತ್ರಾಂಶ ರಸೀದಿ ಮುದ್ರಣದ ಬಿಡಿಭಾಗವನ್ನು ಬಳಸುತ್ತದೆ. ಆ ಬಿಡಿಭಾಗ ಕನ್ನಡ ಅಕ್ಷರಗಳನ್ನು ಜೋಡಿಸುವ ಇನ್ನೊಂದನ್ನು ಬಳಸುತ್ತದೆ. ಮೊದಲನೆಯದು ನೇರ ಅವಲಂಬನೆ, ಎರಡನೆಯದು ಪರೋಕ್ಷ ಅವಲಂಬನೆ. ನೇರವಾಗಿ ಆರಿಸಿಕೊಂಡದ್ದು ಐದಾದರೆ, ಪರೋಕ್ಷವಾಗಿ ಒಳಬಂದದ್ದು ಐವತ್ತಿರಬಹುದು. ಇದನ್ನು ಬಾಣಗಳಿರುವ ಚಿತ್ರವಾಗಿ ಬರೆದುಕೊಂಡರೆ ಸ್ಪಷ್ಟವಾಗುತ್ತದೆ. ಬಾಣಗಳನ್ನು ಹಿಡಿದು ಹೋದಾಗ ಹೊರಟಲ್ಲಿಗೇ ಮರಳಿದರೆ ಅಲ್ಲೊಂದು ಸುತ್ತು ಇದೆ ಎಂದರ್ಥ. ಅಂಥ ಬಿಡಿಭಾಗಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಬಳಸಲಾಗದು, ಆದ್ದರಿಂದ ಸುತ್ತು ಬರದಂತೆ ವಿನ್ಯಾಸ ಮಾಡಬೇಕು.

ಕಂಪ್ಯೂಟರ್ ಸೈನ್ಸ್ ಓದದವರೂ ಅವಲಂಬನೆಯ ಪೆಟ್ಟು ತಿಂದಿರುತ್ತಾರೆ. ನಮ್ಮ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಕನ್ನಡಕ್ಕೆ ನುಡಿ, ಉರ್ದುವಿಗೆ ಇನ್‌ಪೇಜ್ ಬಹುಕಾಲದಿಂದ ಬಳಕೆಯಲ್ಲಿವೆ. ಮದುವೆ ಪತ್ರಿಕೆ, ಅರ್ಜಿ, ಪ್ರಶ್ನೆಪತ್ರಿಕೆ ಎಲ್ಲವೂ ಅವುಗಳಲ್ಲೇ ತಯಾರಾದವು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಫೋನಿನಲ್ಲಿ ತೆರೆದು ನೋಡಿ. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಅರ್ಥವಿಲ್ಲದ ಸಾಲು ಕಾಣುತ್ತದೆ. ಕಾರಣ, ಆ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರಗಳ ಸಂಕೇತಗಳಿಲ್ಲ. ಇಂಗ್ಲಿಷ್ ಮೊದಲಾದ ಅಕ್ಷರಗಳ ಸಂಕೇತಗಳಿವೆ. ಅವುಗಳ ಜಾಗದಲ್ಲಿ ಕನ್ನಡದ ಆಕಾರ ತೋರಿಸುತ್ತಿದ್ದುದು ಆ ಫಾಂಟ್. ಅಂದರೆ ಬರಹ ಫಾಂಟನ್ನು ಅವಲಂಬಿಸಿದೆ. ಫಾಂಟ್ ಇಲ್ಲದಿದ್ದರೆ ಬರಹವೂ ಇಲ್ಲ. ಇನ್‌ಪೇಜ್‌ನ ಹಳೆಯ ಫೈಲುಗಳೂ ಅದೇ ತಂತ್ರಾಂಶವಿಲ್ಲದೆ ಓದಲು ಬರುವುದಿಲ್ಲ.

ಯೂನಿಕೋಡ್ ಈ ಗಂಟನ್ನು ಬಿಡಿಸಿತು. 1991 ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಅದರಲ್ಲಿ 'ಕ' ಅಕ್ಷರದ ಸಂಖ್ಯೆ 3221. ಪೈಥಾನ್‌ನ 'ಆರ್ಡ್' ಫಂಕ್ಷನ್‌ಗೆ 'ಕ' ಕೊಟ್ಟು ನೀವೇ ಪರೀಕ್ಷಿಸಬಹುದು. ಯಾವ ಯೂನಿಕೋಡ್ ಫಾಂಟ್ ಇದ್ದರೂ 'ಕ' ಎಂದರೆ ಅದೇ ಸಂಖ್ಯೆ. ಒಮ್ಮೆ ಸೇರಿಸಿದ ಅಕ್ಷರವನ್ನು ಮುಂದಿನ ಆವೃತ್ತಿಗಳಲ್ಲಿ ತೆಗೆಯುವುದಿಲ್ಲ, ಬೇರೆ ಸಂಖ್ಯೆಗೆ ಸರಿಸುವುದಿಲ್ಲ ಎಂಬುದು ಅದರ ಕಟ್ಟುನಿಟ್ಟಿನ ನಿಯಮ. ಹೊಸದು ಸೇರಬಹುದು, ಹಳೆಯದು ಕದಲುವಂತಿಲ್ಲ. ಎಷ್ಟೋ ಕೋಟಿ ಜನ ಅವಲಂಬಿಸಿದ ಬಿಡಿಭಾಗವನ್ನು ಹೇಗೆ ಬೆಳೆಸಬೇಕು ಎಂಬುದಕ್ಕೆ ಇದೊಂದು ಮಾದರಿ. ನುಡಿಯ ಹೊಸ ಆವೃತ್ತಿಗಳಲ್ಲಿಯೂ ಯೂನಿಕೋಡ್ ಇದೆ.

5. ಎರಡು ಬಿಡಿಭಾಗಗಳ ಜಗಳ

ಈಗ ನಮ್ಮ ಊಹೆಯ ಪ್ರಾಡಕ್ಟ್ ಲೈನಿಗೆ ಮರಳೋಣ. 'ಕನ್ನಡ ಅಕ್ಷರ' ಬಿಡಿಭಾಗದ 1 ನೆಯ ಆವೃತ್ತಿ ಹಳೆಯ ಫಾಂಟಿನ ಸಂಕೇತ ಕೊಡುತ್ತದೆ. 2 ನೆಯದು ಯೂನಿಕೋಡ್ ಕೊಡುತ್ತದೆ. ಬ್ಯಾಡಗಿಯ ತಂತ್ರಾಂಶದಲ್ಲಿ,

• 'ರಸೀದಿ ಮುದ್ರಣ'ಕ್ಕೆ ಬೇಕಾದದ್ದು ಕನ್ನಡ ಅಕ್ಷರ 1
• 'ಎಸ್‌ಎಂಎಸ್'ಗೆ ಬೇಕಾದದ್ದು ಕನ್ನಡ ಅಕ್ಷರ 2

ಪೈಥಾನ್‌ನಲ್ಲಿ ಒಂದು ಪ್ರಾಜೆಕ್ಟಿನ ಪರಿಸರದಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇರಲು ಸಾಧ್ಯ. 1 ಇಟ್ಟರೆ ರಸೀದಿ ಸರಿ, ಆದರೆ ರೈತನ ಫೋನಿಗೆ ಹೋದ ಸಂದೇಶದಲ್ಲಿ ದರ ಓದಲು ಬರುವುದಿಲ್ಲ. 2 ಇಟ್ಟರೆ ಸಂದೇಶ ಸರಿ, ರಸೀದಿ ಹಾಳು. ಮೇಲೊಂದು ತಂತ್ರಾಂಶ, ನಡುವೆ ಎರಡು ಬಿಡಿಭಾಗ, ಕೆಳಗೆ ಇಬ್ಬರಿಗೂ ಬೇಕಾದ ಒಂದು. ಚಿತ್ರ ಬರೆದರೆ ವಜ್ರದ ಆಕಾರ ಬರುವುದರಿಂದ ಇದಕ್ಕೆ ವಜ್ರ ಅವಲಂಬನೆ ಎಂದು ಹೆಸರು.

ಪರಿಹಾರಗಳು ಮೂರು. ಒಂದು, ರಸೀದಿ ಮುದ್ರಣವನ್ನು 2 ಕ್ಕೆ ಹೊಂದುವಂತೆ ಬರೆಯುವುದು. ಎರಡು, ಕನ್ನಡ ಅಕ್ಷರ 1 ಕ್ಕೆ ಹೊಂದುವ ಹಳೆಯ ಎಸ್‌ಎಂಎಸ್ ಬಿಡಿಭಾಗ ಇದ್ದರೆ ಸದ್ಯಕ್ಕೆ ಅದನ್ನೇ ಬಳಸುವುದು. ಮೂರು, ನಡುವೆ ಒಂದು ಚಿಕ್ಕ ಪರಿವರ್ತಕ ಬರೆದು, ಯೂನಿಕೋಡನ್ನು ಮುದ್ರಣಕ್ಕೆ ಬೇಕಾದ ಹಳೆಯ ಸಂಕೇತಕ್ಕೆ ಬದಲಿಸಿಕೊಡುವುದು. ಮೊದಲನೆಯದು ಶಾಶ್ವತ, ಉಳಿದೆರಡು ತಾತ್ಕಾಲಿಕ. ತಾತ್ಕಾಲಿಕವನ್ನು ಆರಿಸಿದರೆ ಅದು ತಾತ್ಕಾಲಿಕ ಎಂದು ಬರೆದಿಡಬೇಕು.

6. ಬರೆದಿಡುವುದು ಹೇಗೆ?

ಆವೃತ್ತಿಯನ್ನು ಎರಡು ರೀತಿ ಹೇಳಬಹುದು. 'ಎರಡರ ಸಾಲಿನ ಯಾವುದಾದರೂ ಆಗಬಹುದು' ಎನ್ನುವುದು ವ್ಯಾಪ್ತಿ. '2.4.1 ಮಾತ್ರ' ಎನ್ನುವುದು ನಿಖರ ಸಂಖ್ಯೆ. ಬಿಡಿಭಾಗ ಬರೆಯುವವರು ವ್ಯಾಪ್ತಿಯನ್ನು ಹೇಳುವುದು ಒಳ್ಳೆಯದು. ಅದು ಸಡಿಲವಾಗಿದ್ದಷ್ಟೂ ಬೇರೆಯವುಗಳ ಜೊತೆ ಜಗಳ ಕಡಿಮೆ. ಆದರೆ ಅಂಗಡಿಗೆ ಕೊಡುವ ಕೊನೆಯ ತಂತ್ರಾಂಶದಲ್ಲಿ ನೇರ, ಪರೋಕ್ಷ ಎಲ್ಲದರ ನಿಖರ ಸಂಖ್ಯೆ ದಾಖಲಾಗಿರಬೇಕು. ಇಂಥ ದಾಖಲೆಗೆ ಲಾಕ್ ಫೈಲ್ ಎನ್ನುತ್ತಾರೆ.

ನಿಮ್ಮ ಲ್ಯಾಬ್‌ನಲ್ಲಿ ಇದನ್ನು ಇಂದೇ ಮಾಡಬಹುದು. ಪ್ರತಿ ಪ್ರಾಜೆಕ್ಟಿಗೂ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ. ಒಂದು ಪ್ರಾಜೆಕ್ಟಿನ ಲೈಬ್ರರಿ ಇನ್ನೊಂದಕ್ಕೆ ತಾಗದಂತೆ ಇದು ಪ್ರತ್ಯೇಕ ಕೋಣೆ ಇದ್ದಂತೆ. ಕೆಲಸ ಮುಗಿದಾಗ 'ಪಿಪ್ ಫ್ರೀಜ್' ಎಂಬ ಆದೇಶ ಕೊಟ್ಟರೆ ಅಲ್ಲಿರುವ ಎಲ್ಲ ಲೈಬ್ರರಿಗಳ ಹೆಸರು ಮತ್ತು ನಿಖರ ಆವೃತ್ತಿ ಪಟ್ಟಿಯಾಗಿ ಬರುತ್ತದೆ. ಅದನ್ನು ಒಂದು ಫೈಲಿನಲ್ಲಿ ಉಳಿಸಿ. ಪೈಥಾನ್‌ನ ಆವೃತ್ತಿಯನ್ನೂ ಅದರ ಜೊತೆ ಬರೆಯಿರಿ. ಬೇರೆ ಕಂಪ್ಯೂಟರಿನಲ್ಲಿ 'ಪಿಪ್ ಇನ್‌ಸ್ಟಾಲ್' ಮಾಡುವಾಗ ಆ ಪಟ್ಟಿಯನ್ನೇ ಕೊಟ್ಟರೆ ಅವೇ ಆವೃತ್ತಿಗಳು ಬರುತ್ತವೆ.

ಪ್ರಾಡಕ್ಟ್ ಲೈನಿನಲ್ಲಿ ಇನ್ನೊಂದು ಪಟ್ಟಿಯೂ ಬೇಕು: ಯಾವ ತಂತ್ರಾಂಶದಲ್ಲಿ ಯಾವ ಬಿಡಿಭಾಗದ ಎಷ್ಟನೆಯ ಆವೃತ್ತಿ ಇದೆ ಎಂಬುದು.

• ಬ್ಯಾಡಗಿ: ಹಣದ ಲೆಕ್ಕ 2.4.1, ರಸೀದಿ 1.8.0, ಎಸ್‌ಎಂಎಸ್ 1.2.0
• ರಾಣೆಬೆನ್ನೂರು: ಹಣದ ಲೆಕ್ಕ 2.4.1, ರಸೀದಿ 2.0.0
• ಹಾವೇರಿ: ಹಣದ ಲೆಕ್ಕ 2.3.0, ರಸೀದಿ 2.0.0, ಎಸ್‌ಎಂಎಸ್ 1.2.0

'ಹಣದ ಲೆಕ್ಕ 2.3.0 ರಲ್ಲಿ ದೋಷವಿದೆ' ಎಂದು ಗೊತ್ತಾದ ದಿನ, ಈ ಪಟ್ಟಿ ನೋಡಿದ ಕೂಡಲೇ ಹಾವೇರಿಗೆ ಫೋನ್ ಮಾಡಬೇಕೆಂದು ತಿಳಿಯುತ್ತದೆ. ಪಟ್ಟಿ ಇಲ್ಲದವರು ಮೂರೂ ಊರಿಗೆ ಓಡಬೇಕು.

7. ಜಗತ್ತು ಕಲಿತ ಮೂರು ಪಾಠ

1996 ರ ಜೂನ್ 4. ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. ಏರಿಯಾನ್ 4 ರಲ್ಲಿ ಚೆನ್ನಾಗಿ ನಡೆದಿದ್ದ ದಿಕ್ಕು ತಿಳಿಸುವ ತಂತ್ರಾಂಶವನ್ನೇ ಇದರಲ್ಲೂ ಬಳಸಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಹೆಚ್ಚು. ಅದಕ್ಕೆ ಸಂಬಂಧಿಸಿದ ಸಂಖ್ಯೆಯೊಂದನ್ನು 64 ಬಿಟ್‌ನಿಂದ 16 ಬಿಟ್‌ಗೆ ಇಳಿಸುವಾಗ, ಅದು 32,767 ರ ಮಿತಿಯನ್ನು ಮೀರಿತು. ಬಿಡಿಭಾಗ ಹಳೆಯ ಮನೆಯಲ್ಲಿ ಸರಿಯಾಗಿತ್ತು ಎಂಬುದು ಹೊಸ ಮನೆಗೆ ಪ್ರಮಾಣಪತ್ರವಲ್ಲ. ಅದರ ಮಿತಿಗಳನ್ನು ಬರೆದಿಟ್ಟು ಮತ್ತೆ ಪರೀಕ್ಷಿಸಬೇಕು.

2016 ರ ಮಾರ್ಚ್ 22. ಅಕ್ಷರಗಳ ಎಡಕ್ಕೆ ಖಾಲಿ ಜಾಗ ಸೇರಿಸುವ, ಹನ್ನೊಂದೇ ಸಾಲಿನ 'ಲೆಫ್ಟ್ ಪ್ಯಾಡ್' ಎಂಬ ಜಾವಾಸ್ಕ್ರಿಪ್ಟ್ ಬಿಡಿಭಾಗವನ್ನು ಬರೆದವರು ಸಾರ್ವಜನಿಕ ಭಂಡಾರದಿಂದ ತೆಗೆದುಹಾಕಿದರು. ಅದನ್ನು ಪರೋಕ್ಷವಾಗಿ ಅವಲಂಬಿಸಿದ್ದ ಅಸಂಖ್ಯ ಪ್ರಾಜೆಕ್ಟುಗಳು ಕಟ್ಟಲಾಗದೆ ನಿಂತವು. ಕೆಲವೇ ಗಂಟೆಗಳಲ್ಲಿ ಅದನ್ನು ಮರಳಿ ತಂದರು, ಮುಂದೆ ಹೀಗೆ ತೆಗೆಯುವ ನಿಯಮವನ್ನೂ ಬಿಗಿ ಮಾಡಿದರು. ಮುಖ್ಯ ಬಿಡಿಭಾಗಗಳ ಒಂದು ಪ್ರತಿ ನಮ್ಮ ಬಳಿಯೂ ಇರಬೇಕು.

2021 ರ ಡಿಸೆಂಬರ್. ಜಾವಾ ತಂತ್ರಾಂಶಗಳಲ್ಲಿ ಘಟನೆಗಳ ದಾಖಲೆ ಬರೆಯುವ 'ಲಾಗ್ ಫೋರ್ ಜೆ' ಬಿಡಿಭಾಗದಲ್ಲಿ, ಹೊರಗಿನವರು ಒಳನುಗ್ಗಬಹುದಾದ ದೋಷ ಬಯಲಾಯಿತು. 2.15.0 ರಲ್ಲಿ ತಿದ್ದಿದರು. ಅದು ಸಾಲದೆ 2.16.0, ನಂತರ 2.17.0 ಬಂದವು. ತಿದ್ದುಪಡಿ ಬೇಗ ಸಿಕ್ಕಿತು. ಆದರೆ ತಮ್ಮ ಯಾವ ತಂತ್ರಾಂಶದ ಆಳದಲ್ಲಿ ಅದು ಅಡಗಿದೆ ಎಂದು ಅನೇಕ ಸಂಸ್ಥೆಗಳಿಗೆ ಗೊತ್ತಿರಲಿಲ್ಲ. ಹುಡುಕುವುದರಲ್ಲೇ ವಾರಗಟ್ಟಲೆ ಕಳೆಯಿತು. ನಮ್ಮ ಮೂರು ಊರಿನ ಪಟ್ಟಿಯ ಬೆಲೆ ಇಲ್ಲಿ ತಿಳಿಯುತ್ತದೆ.

ಈ ಮೂರನ್ನೂ ಹೇಳಿದ್ದು ಬಿಡಿಭಾಗ ಬಳಸಲು ಹೆದರಬೇಕೆಂದಲ್ಲ. ಎಲ್ಲವನ್ನೂ ನಾವೇ ಬರೆಯುತ್ತೇವೆ ಎಂದರೆ ಯಾವ ಕೆಲಸವೂ ಮುಗಿಯುವುದಿಲ್ಲ. ಬಳಸಿ, ಆದರೆ ಲೆಕ್ಕ ಇಡಿ.

8. ನೆನಪಿಡಬೇಕಾದ್ದು

• ನಕಲು ಮಾಡಿ ತಿದ್ದಬೇಡಿ. ಬಿಡಿಭಾಗ ಒಂದೇ ಇರಲಿ, ವ್ಯತ್ಯಾಸ ಸೆಟ್ಟಿಂಗ್‌ನಲ್ಲಿರಲಿ.
• ಬಿಡುಗಡೆ ಮಾಡಿದ ಆವೃತ್ತಿಯನ್ನು ಅದೇ ಸಂಖ್ಯೆಯಲ್ಲಿ ಎಂದೂ ತಿದ್ದಬೇಡಿ. ಹೊಸ ಸಂಖ್ಯೆ ಕೊಡಿ.
• ಉತ್ತರ ಬದಲಾದರೆ ಮೊದಲ ಸಂಖ್ಯೆ ಏರಲಿ.
• ಆವೃತ್ತಿ ಏರಿಸುವ ಮುನ್ನ ಪರೀಕ್ಷೆ ನಡೆಸಿ. ಒಂದು ಸಲಕ್ಕೆ ಒಂದನ್ನೇ ಏರಿಸಿ.
• ಪ್ರಾಜೆಕ್ಟ್ ಕೊಡುವಾಗ ಆವೃತ್ತಿಗಳ ಪಟ್ಟಿಯನ್ನೂ ಕೊಡಿ.

ಅಭ್ಯಾಸ

1. 'ಹಣದ ಲೆಕ್ಕ' ಈಗ 2.4.1 ರಲ್ಲಿದೆ. ಕೆಳಗಿನ ಪ್ರತಿ ಬದಲಾವಣೆಯ ನಂತರ ಸಂಖ್ಯೆ ಎಷ್ಟಾಗಬೇಕು? (ಅ) ಹಮಾಲಿ ಲೆಕ್ಕದ ಹೊಸ ಫಂಕ್ಷನ್ ಸೇರಿತು. (ಆ) ಸೊನ್ನೆ ತೂಕ ಕೊಟ್ಟಾಗ ಪ್ರೋಗ್ರಾಂ ನಿಲ್ಲುತ್ತಿದ್ದುದನ್ನು ತಿದ್ದಲಾಯಿತು. (ಇ) ತೂಕವನ್ನು ಕಿಲೋ ಬದಲು ಕ್ವಿಂಟಾಲಿನಲ್ಲಿ ಕೊಡಬೇಕೆಂದು ಬದಲಿಸಲಾಯಿತು.
2. 2.9.0, 2.10.0, 2.9.12, 3.0.0, 2.1.30 ಇವನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ. ಈ ಕೆಲಸ ಮಾಡುವ ಪೈಥಾನ್ ಫಂಕ್ಷನ್ ಬರೆಯಿರಿ.
3. ರಸೀದಿಯಲ್ಲಿ ಕನ್ನಡದ ಜೊತೆ ಬಲದಿಂದ ಎಡಕ್ಕೆ ಬರೆಯುವ ಉರ್ದುವೂ ಬೇಕೆಂದು ಗಿರಾಕಿ ಕೇಳಿದ್ದಾರೆ. ಯಾವ ಬಿಡಿಭಾಗ ಬದಲಾಗಬೇಕು, ಯಾವುದು ಬದಲಾಗಬಾರದು? ಬಾಣಗಳ ಚಿತ್ರ ಬರೆದು ವಿವರಿಸಿ.
4. ನಿಮ್ಮ ಈ ವರ್ಷದ ಪ್ರಾಜೆಕ್ಟಿನ ಎಲ್ಲ ನೇರ ಮತ್ತು ಪರೋಕ್ಷ ಅವಲಂಬನೆಗಳ ಪಟ್ಟಿ ಮಾಡಿ.

ಮೊದಲ ಪ್ರಶ್ನೆಯ ಉತ್ತರ: (ಅ) 2.5.0, (ಆ) 2.4.2, (ಇ) 3.0.0. ಮೂರನ್ನೂ ಪ್ರತ್ಯೇಕವಾಗಿ 2.4.1 ರಿಂದ ಲೆಕ್ಕ ಹಾಕಲಾಗಿದೆ. ಉಳಿದ ಉತ್ತರಗಳನ್ನು ಲ್ಯಾಬ್ ಪುಸ್ತಕದಲ್ಲಿ ಬರೆದು ಮುಂದಿನ ಪ್ರಾಯೋಗಿಕ ತರಗತಿಗೆ ತನ್ನಿ.